‘ಕಂಪ್ರೆಸರ್’ಗೆ ಕನ್ನಡದಲ್ಲಿ ಏನೆನ್ನೋಣ? ಮನೆಬಳಕೆಯ ಸಣ್ಣ ಗಾಳಿ ಯಂತ್ರದ ಪದಗಳ ಕುರಿತು

ಮಾನ್ಯರೇ,

ಚಿಂತಾಮಣಿಯಲ್ಲಿ ವಾಹನಗಳ ಬಿಡಿಭಾಗ ಮಾರುವ ನಮ್ಮ ಭಾವನವರು, ಕಾರು, ಸ್ಕೂಟರು, ಸೈಕಲ್ಲುಗಳ ಟೈರಿಗೆ ಮನೆಯಲ್ಲಿಯೇ ಗಾಳಿ ತುಂಬಿಕೊಳ್ಳಲು ಬರುವ ಅಗ್ಗದ ಸಣ್ಣ ಯಂತ್ರಗಳನ್ನು ನೋಡಿ ಆರಿಸಿಕೊಳ್ಳುವುದು ಹೇಗೆಂದು ತಿಳಿಸುವ ಒಂದು ಕರಪತ್ರವನ್ನು ಕನ್ನಡದಲ್ಲಿ ಬರೆದುಕೊಡುವಂತೆ ಕೇಳಿದ್ದಾರೆ. ಯಂತ್ರದ ಪೆಟ್ಟಿಗೆಯ ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿರುತ್ತದೆ. ಅಂಗಡಿಗೆ ಬರುವವರಲ್ಲಿ ಬಹುಮಂದಿ ಕನ್ನಡ, ತೆಲುಗು ಎರಡನ್ನೂ ಸಲೀಸಾಗಿ ಆಡುವ ರೈತರು, ಸಣ್ಣ ವ್ಯಾಪಾರಿಗಳು. ಅವರು ಓದಿದೊಡನೆ ತಿಳಿಯಬೇಕು, ತಪ್ಪು ಯಂತ್ರ ಕೊಂಡು ಹಣ ಕಳೆದುಕೊಳ್ಳಬಾರದು ಎಂಬುದು ನನ್ನ ಆಸೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯ ತೊಡಕು ಹೆಸರಿನದೇ. ‘ಕಂಪ್ರೆಸರ್’ ಎಂಬುದನ್ನು ಹಾಗೆಯೇ ಇಟ್ಟುಕೊಳ್ಳಬಹುದಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಆ ಪದಕ್ಕೆ ಆಗಲೇ ಬೇರೆ ಮನೆಗಳಿವೆ. ಹಳ್ಳಿಯಲ್ಲಿ ಕಂಪ್ರೆಸರ್ ಎಂದರೆ ಕೊಳವೆಬಾವಿಯ ಕಂಪ್ರೆಸರ್: ನೀರು ಕಡಿಮೆಯಿರುವ ಬೋರಿನೊಳಕ್ಕೆ ಪೈಪಿನಲ್ಲಿ ಗಾಳಿ ನುಗ್ಗಿಸಿದರೆ ಗುಳ್ಳೆಗಳು ಬೆರೆತು ನೀರು ಹಗುರಾಗಿ, ಬಿಟ್ಟು ಬಿಟ್ಟು ಉಕ್ಕುತ್ತ ಮೇಲೆ ಬರುತ್ತದೆ. ಬೋರು ಕೊರೆಯುವ ಲಾರಿಯ ಜೊತೆಗೆ ಬರುವ ದೊಡ್ಡ ಯಂತ್ರವೂ ಕಂಪ್ರೆಸರೇ. ಬಂಡೆಯನ್ನು ಬಡಿಯುವ ಸುತ್ತಿಗೆಯನ್ನು ನಡೆಸುವುದೂ, ಕೊರೆದ ಪುಡಿಯನ್ನು ಮೇಲಕ್ಕೆ ಊದಿ ಹಾಕುವುದೂ ಅದರ ಗಾಳಿಯೇ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲು ಕೊರೆಯುವ ಯಂತ್ರಗಳು ಓಡುತ್ತಿದ್ದದ್ದೂ ಒತ್ತಿ ತುಂಬಿದ ಗಾಳಿಯಿಂದಲೇ. ಪೇಟೆಯಲ್ಲಾದರೆ ಫ್ರಿಜ್ಜಿನ ಹಿಂಭಾಗದಲ್ಲಿರುವುದು ಕಂಪ್ರೆಸರ್. ಹೀಗಿರುವಾಗ ‘ಮನೆಗೊಂದು ಕಂಪ್ರೆಸರ್ ಬೇಕು’ ಎಂದವರಿಗೆ ಅಂಗಡಿಯ ಹುಡುಗ ‘ಬೋರಿಗಾ ಸಾರ್, ಫ್ರಿಜ್ಜಿಗಾ?’ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆ ಹೆಸರು ಹುಟ್ಟಿಸುವ ತಪ್ಪು ನಿರೀಕ್ಷೆ. ಎರಡು ಮೂರು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ, ಕೈಯಲ್ಲಿ ಹಿಡಿದು ಒಯ್ಯಬಹುದಾದ ಯಂತ್ರಕ್ಕೆ ಗಾಳಿಯನ್ನು ಕೂಡಿಟ್ಟುಕೊಳ್ಳುವ ತೊಟ್ಟಿ ಇರುವುದಿಲ್ಲ. ಅದರ ಪುಟ್ಟ ಕೊಂತ (ಪಿಸ್ಟನ್) ಒತ್ತಿದ ಗಾಳಿ ಆಗಿಂದಾಗಲೇ ಟೈರಿನೊಳಕ್ಕೆ ಹೋಗಬೇಕು. ಗೇಟಿಗೆ ಬಣ್ಣ ಸಿಂಪಡಿಸುವುದಕ್ಕಾಗಲಿ, ಗ್ಯಾರೇಜಿನಲ್ಲಿ ಮಾಡುವಂತೆ ಎಂಜಿನ್ನಿನ ಧೂಳನ್ನು ಊದಿ ತೆಗೆಯುವುದಕ್ಕಾಗಲಿ ಎಡೆಬಿಡದೆ ಬಹಳ ಗಾಳಿ ಬೇಕು, ಆ ಕೆಲಸಕ್ಕೆ ತೊಟ್ಟಿಯಿರುವ ದೊಡ್ಡ ಯಂತ್ರವೇ ಆಗಬೇಕು. ಪೆಟ್ಟಿಗೆಯ ಮೇಲೆ ‘ಏರ್ ಕಂಪ್ರೆಸರ್’ ಎಂದು ಓದಿ, ಪಂಕ್ಚರ್ ಅಂಗಡಿಯ ಕೆಂಪು ತೊಟ್ಟಿಯ ಯಂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಂಡವರಿಗೆ ನಿರಾಸೆಯಾಗುತ್ತದೆ. ಆದ್ದರಿಂದ ಇದಕ್ಕೆ ಇಡುವ ಹೆಸರು ಅದು ಮಾಡುವ ಕೆಲಸವನ್ನಷ್ಟೇ ಹೇಳಬೇಕು ಎಂಬುದು ನನ್ನ ನಿಲುವು.

ಪಠ್ಯಪುಸ್ತಕದ ಕನ್ನಡದ ‘ಸಂಪೀಡಕ’, ‘ಸಂಕೋಚಕ’ಗಳನ್ನು ಭೌತಶಾಸ್ತ್ರದ ಪಾಠದಲ್ಲಿ ಒಪ್ಪಬಹುದು; ಅಂಗಡಿಯ ಕಟ್ಟೆಯ ಮೇಲೆ ಅವು ಯಾರಿಗೂ ದಾರಿ ತೋರಿಸುವುದಿಲ್ಲ. ‘ತಿದಿ’ ನಮ್ಮದೇ ಹಳೆಯ ಪದ. ಕುಲುಮೆಯ ತಿದಿಯನ್ನು ಒತ್ತಿದರೆ ಗಾಳಿ ಬರುತ್ತದೆ, ಕಿಟ್ಟೆಲರ 1894ರ ನಿಘಂಟಿನಲ್ಲೂ ಅದಕ್ಕೆ ಜಾಗವಿದೆ, ತೆಲುಗಿನವರಿಗೆ ಅದರ ನೆಂಟ ‘ತಿತ್ತಿ’ ಗೊತ್ತು. ಈ ಪದದ ಮೇಲೆ ನನಗೆ ಬಹಳ ಪ್ರೀತಿಯಿದೆ. ಆದರೂ ತಿದಿಯ ಗಾಳಿ ಕೆಂಡವನ್ನು ಉರಿಸಲು ಹೊರಕ್ಕೆ ಬೀಸುವ ಗಾಳಿ, ಒಂದು ಕಡೆ ಬಿಗಿಯಾಗಿ ತುಂಬಿಡುವ ಗಾಳಿಯಲ್ಲ. ಕುಲುಮೆಯನ್ನು ನೋಡಿರುವವರೂ ಕಡಿಮೆಯಾಗುತ್ತಿದ್ದಾರೆ. ‘ಗಾಳಿಯಂತ್ರ’ ಚಿಕ್ಕದಾಗಿ ಚೆನ್ನಾಗಿದೆಯಾದರೂ ಬೆಟ್ಟದ ಮೇಲೆ ರೆಕ್ಕೆ ತಿರುಗಿಸಿ ವಿದ್ಯುತ್ತು ಮಾಡುವ ಯಂತ್ರಕ್ಕೆ ಆ ಹೆಸರು ನೆಲೆಯಾಗಿದೆ. ‘ಗಾಳಿಪಂಪು’ ಎಂದರೆ ಕಾಲಲ್ಲಿ ಮೆಟ್ಟಿ ಹಿಡಿದು ಕೈಯಲ್ಲಿ ಒತ್ತುವ ಸೈಕಲ್ ಪಂಪೇ ಎಲ್ಲರ ಕಣ್ಣಿಗೆ ಬರುತ್ತದೆ. ಎಲ್ಲವನ್ನೂ ತೂಗಿ ನೋಡಿ ನಾನು ‘ಗಾಳಿ ತುಂಬುವ ಯಂತ್ರ’ ಎಂದು ಬರೆದಿದ್ದೇನೆ. ಮೂರು ಪದದ ಹೆಸರು ಉದ್ದವಾಯಿತು ಎನ್ನುವವರಿದ್ದರೆ ಅದಕ್ಕಿಂತ ಚಿಕ್ಕದನ್ನು ದಯವಿಟ್ಟು ಸೂಚಿಸಬೇಕು.

ಇಲ್ಲಿ ‘ತುಂಬು’ ಎಂಬ ಕ್ರಿಯಾಪದವನ್ನು ಬೇಕೆಂದೇ ಆರಿಸಿದ್ದೇನೆ. ಸೈಕಲ್ಲಿಗೆ ಗಾಳಿ ‘ಹೊಡೆ’ಯುತ್ತೇವೆ, ಬಲೂನನ್ನು ‘ಊದು’ತ್ತೇವೆ, ಅಂಗಡಿಗೆ ಗಾಡಿ ಒಯ್ದು ಗಾಳಿ ‘ಹಾಕಿಸು’ತ್ತೇವೆ ಇಲ್ಲವೆ ‘ತುಂಬಿಸು’ತ್ತೇವೆ. ಇವುಗಳಲ್ಲಿ ಟೈರಿಗೂ ಫುಟ್‌ಬಾಲಿಗೂ ಮಕ್ಕಳ ಈಜುಕೊಳಕ್ಕೂ ಒಗ್ಗುವುದು ‘ತುಂಬು’ ಒಂದೇ.

ಇನ್ನು ನಿಜವಾದ ಕಗ್ಗಂಟಿಗೆ ಬರುತ್ತೇನೆ. ಪಂಕ್ಚರ್ ಅಂಗಡಿಯಲ್ಲಿ ‘ಗಾಳಿ ಎಷ್ಟು ಹಾಕಲಿ?’ ಎಂದು ಕೇಳುತ್ತಾರೆ, ನಾವು ‘ಮೂವತ್ಮೂರು’ ಎನ್ನುತ್ತೇವೆ. ಆಡುಮಾತಿನಲ್ಲಿ ‘ಎಷ್ಟು’ ಎಂದು ಅಳತೆ ಕೇಳಿದಂತೆ ಕಂಡರೂ ಉತ್ತರವಾಗಿ ಬರುವುದು ಒತ್ತಡದ ಅಂಕಿ, ಅಂದರೆ ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂಬ ಲೆಕ್ಕ. ಹೀಗಾಗಿ ಗಾಳಿಯ ಒತ್ತಡವೂ ಗಾಳಿಯ ಪ್ರಮಾಣವೂ ನಮ್ಮ ಮಾತಿನಲ್ಲಿ ಒಂದರೊಳಗೊಂದು ಬೆರೆತುಹೋಗಿವೆ, ಯಂತ್ರ ಮಾರುವವರು ಲಾಭ ಪಡೆಯುವುದೂ ಇಲ್ಲಿಯೇ. ಪೆಟ್ಟಿಗೆಯ ಮೇಲೆ ಒತ್ತಡದ ಅಂಕಿ 150 ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಸಾಮಾನ್ಯ ಕಾರಿನ ಟೈರಿಗೆ ಬೇಕಾದ ಒತ್ತಡ 30ರಿಂದ 35ರೊಳಗೆ. 150ರ ಯಂತ್ರ 100ರ ಯಂತ್ರಕ್ಕಿಂತ ಕಾರಿನ ಟೈರನ್ನು ಬೇಗ ತುಂಬುತ್ತದೆ ಎಂದು ಆ ಅಂಕಿ ಹೇಳುವುದೇ ಇಲ್ಲ. ಬೇಗ ತುಂಬುವುದು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಬರುತ್ತದೆ ಎಂಬುದರ ಮೇಲೆ ನಿಂತಿದೆ, ಆ ಅಂಕಿಯೋ ಒಳಗಿನ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ.

ಒಂದು ಲೆಕ್ಕ ಕೊಡುತ್ತೇನೆ. ಒಳಗೆ ಸುಮಾರು 35 ಲೀಟರ್ ಜಾಗವಿರುವ ಕಾರಿನ ಟೈರನ್ನು 25ರಿಂದ 33ಕ್ಕೆ ಏರಿಸಲು ಹೊರಗಿನ ಗಾಳಿ ಸುಮಾರು 19 ಲೀಟರ್ ಬೇಕು. ಪೂರ್ತಿ ಇಳಿದ ಟೈರಾದರೆ ಸುಮಾರು 80 ಲೀಟರ್. ನಿಮಿಷಕ್ಕೆ 20 ಲೀಟರ್ ಎಂದು ಬರೆದ ಯಂತ್ರಕ್ಕೆ ಮೊದಲನೆಯದು ಒಂದು ನಿಮಿಷದ ಕೆಲಸ, ಎರಡನೆಯದು ನಾಲ್ಕು ನಿಮಿಷದ್ದು. ಟೈರಿನೊಳಗಿನ ಒತ್ತಡ ಏರಿದಂತೆ ಯಂತ್ರದಿಂದ ಬರುವ ಗಾಳಿ ಕಡಿಮೆಯಾಗುವುದರಿಂದ ನಿಜವಾಗಿ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಸೈಕಲ್ಲಿನ ಕಥೆ ಇದಕ್ಕೆ ತಿರುವುಮುರುವು: ಒತ್ತಡ ಕಾರಿನದಕ್ಕಿಂತ ಹೆಚ್ಚು ಬೇಕು, ಗಾಳಿ ಮಾತ್ರ ಬಹಳ ಕಡಿಮೆ ಸಾಕು. ಕೈಪಂಪಿನಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುವ ಹುಡುಗ ಕಾರಿನ ಒಂದು ಟೈರಿಗೆ ಹೊಡೆಯುವಷ್ಟರಲ್ಲಿ ಬೆವರುವುದು ಈ ಕಾರಣಕ್ಕೆ.

ಆದ್ದರಿಂದ ಕರಪತ್ರದಲ್ಲಿ ಈ ಎರಡಕ್ಕೂ ಬೇರೆ ಬೇರೆ ಪದಗಳು ಖಚಿತವಾಗಿ ಇರಲೇಬೇಕು. ಮೊದಲನೆಯದಕ್ಕೆ ‘ಒತ್ತಡ’ ಇದೆ. ರಕ್ತದೊತ್ತಡದಿಂದ ಅದು ಎಲ್ಲರ ಬಾಯಲ್ಲೂ ಬಂದಿದೆ. ಆದರೆ ಬೆರಳಲ್ಲಿ ಟೈರನ್ನು ಅದುಮಿ ನೋಡುವವರು ‘ಬಿಗಿಯಾಗಿದೆ’, ‘ಮೆತ್ತಗಿದೆ’ ಎನ್ನುತ್ತಾರಲ್ಲ, ಆ ‘ಬಿಗಿ’ ನನಗೆ ಇನ್ನೂ ಹತ್ತಿರವೆನಿಸುತ್ತದೆ. ‘ಕಾರಿಗೆ 33ರ ಬಿಗಿ ಸಾಕು’ ಎಂದರೆ ಹೊಂದುವುದೇ? ಎರಡನೆಯದಕ್ಕೆ ‘ಹರಿವು’ ಎನ್ನಲು ಹೊರಟೆ, ನೀರಿನ ಮಾತಾಯಿತೇನೋ ಎಂಬ ಅನುಮಾನ ಬಂತು. ‘ನಿಮಿಷಕ್ಕೆ ತುಂಬುವ ಗಾಳಿ’ ಎಂದರೆ ಮಕ್ಕಳಿಗೂ ತಿಳಿಯುತ್ತದೆ, ಹಾಗಾಗಿ ಸದ್ಯಕ್ಕೆ ಅದನ್ನೇ ಇಟ್ಟಿದ್ದೇನೆ. ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂಬ ಒತ್ತಡದ ಅಳತೆಯನ್ನು ‘ಪಿಎಸ್‌ಐ’ ಎಂದು ಬರಿದೆ ಬರೆದರೆ ಪತ್ರಿಕೆ ಓದುವ ಕನ್ನಡಿಗರಿಗೆ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ನೆನಪಾಗುವುದರಿಂದ, ಮೊದಲ ಸಲವಾದರೂ ಬಿಡಿಸಿ ಬರೆಯುವುದು ಒಳ್ಳೆಯದು. ಕೆಲವು ಯಂತ್ರಗಳು ‘ಬಾರ್’ ಲೆಕ್ಕದಲ್ಲಿ ತೋರಿಸುತ್ತವೆ. ಒಂದು ಬಾರ್ ಎಂದರೆ 14.5 ಪಿಎಸ್‌ಐ.

ಮುಂದಿನದು, ಯಂತ್ರವನ್ನು ಒಂದೇ ಸಮನೆ ಎಷ್ಟು ಹೊತ್ತು ಓಡಿಸಬಹುದು, ಆಮೇಲೆ ಎಷ್ಟು ಹೊತ್ತು ನಿಲ್ಲಿಸಬೇಕು ಎಂಬ ಅಳತೆ. ಇಂಗ್ಲಿಷಿನಲ್ಲಿ ಇದನ್ನು ‘ಡ್ಯೂಟಿ ಸೈಕಲ್’ ಎನ್ನುತ್ತಾರೆ. ಕನ್ನಡದಲ್ಲಿ ಹಾಗೆಯೇ ಬರೆದರೆ ಸೈಕಲ್ಲಿನ ಮಾತೆಂದುಕೊಳ್ಳುವ ಅಪಾಯ ನಮ್ಮ ಕರಪತ್ರದಲ್ಲಿ ಹೆಚ್ಚು. ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ, ಆ ಬಿಸಿ ಅಂಗೈಯಷ್ಟು ಯಂತ್ರದೊಳಗೆ ಉಳಿಯುತ್ತದೆ. ಐದಾರು ನಿಮಿಷ ಓಡಿದ ಯಂತ್ರದ ಕೊಳವೆಯ ಬುಡವನ್ನು ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತದೆ. ‘ಓಡುವ ಹೊತ್ತು, ಆರುವ ಹೊತ್ತು’ ಎಂದು ಜೋಡಿಯಾಗಿ ಬರೆಯಬಹುದೆಂದು ನನ್ನ ಆಲೋಚನೆ. ಮೋಟಾರು ಓಡುತ್ತದೆ, ಬಿಸಿಯಾದದ್ದು ಆರುತ್ತದೆ. ಎರಡೂ ದಿನಬಳಕೆಯ ಮಾತು. ‘ಓಡುವ ಹೊತ್ತು 10 ನಿಮಿಷ, ಆರುವ ಹೊತ್ತು 10 ನಿಮಿಷ’ ಎಂದು ಬರೆದಿದ್ದರೆ ಪೂರ್ತಿ ಇಳಿದ ನಾಲ್ಕೂ ಟೈರನ್ನು ಒಂದೇ ಉಸಿರಿಗೆ ತುಂಬಬಾರದೆಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ.

ಹೇಳಿದಷ್ಟು ಒತ್ತಡ ಬಂದೊಡನೆ ನಿಲ್ಲುವ ಗುಣಕ್ಕೆ ‘ತಾನೇ ನಿಲ್ಲುವ’ ಎಂದಿದ್ದೇನೆ, ಇದರಲ್ಲಿ ಚರ್ಚೆಗೆ ಹೆಚ್ಚೇನೂ ಇಲ್ಲ. ವಾಲ್ವು, ವೈರು, ಬ್ಯಾಟರಿ, ಚಾರ್ಜರುಗಳನ್ನೂ ಜನ ಹೇಳುವಂತೆಯೇ ಇಟ್ಟಿದ್ದೇನೆ. ಕಾರಿನ ಸಿಗರೇಟು ಲೈಟರಿನ ತೂತಿಗೆ ಸಿಕ್ಕಿಸುವ 12 ವೋಲ್ಟಿನ ಯಂತ್ರವನ್ನು ಹಾಗೆಯೇ ಬಣ್ಣಿಸಿ, ಬಹುತೇಕ ಸ್ಕೂಟರುಗಳಲ್ಲಿ ಆ ತೂತು ಇಲ್ಲದ್ದರಿಂದ ಸ್ಕೂಟರಿನವರು ಬ್ಯಾಟರಿಯಿರುವುದನ್ನೇ ನೋಡಬೇಕೆಂದು ಸೇರಿಸಿದ್ದೇನೆ. ತೊಡಕಿರುವುದು ಕೊಳವೆಯ ತುದಿಯಲ್ಲಿ. ಕಾರು, ಬೈಕುಗಳ ವಾಲ್ವಿಗೆ ಕೂರುವ ತುದಿ ನಮ್ಮ ಹಳೆಯ ಕರಿ ಸೈಕಲ್ಲುಗಳ ವಾಲ್ವಿಗೆ ಕೂರುವುದಿಲ್ಲ, ನಡುವೆ ಹಿತ್ತಾಳೆಯ ಒಂದು ಪುಟ್ಟ ತುಂಡನ್ನು ತಿರುಗಿಸಿ ಕೂರಿಸಬೇಕು. ಇಂಗ್ಲಿಷಿನ ‘ಅಡಾಪ್ಟರ್’ ಎಂದರೆ ಈಗ ಫೋನಿನ ಚಾರ್ಜರೆಂದೇ ಅರ್ಥ. ‘ಜೋಡುತುಂಡು’, ‘ಮೂತಿ’, ‘ಸೇರುವೆ’ ಎಂದೆಲ್ಲ ಬರೆದು ಹೊಡೆದು ಹಾಕಿದ್ದೇನೆ. ಸೈಕಲ್ ರಿಪೇರಿ ಮಾಡುವವರ ಬಾಯಲ್ಲಿ ಇದಕ್ಕೆ ನೆಲೆಗೊಂಡ ಹೆಸರಿದ್ದರೆ ಅದೇ ಎಲ್ಲಕ್ಕಿಂತ ಮೇಲು.

ತುಮಕೂರು, ಪಾವಗಡ, ಮುಳಬಾಗಿಲು, ಗೌರಿಬಿದನೂರಿನ ಕಡೆಯ ಸದಸ್ಯರು ತಮ್ಮ ಊರಿನ ಪಂಕ್ಚರ್ ಅಂಗಡಿಗಳಲ್ಲಿ ಈ ತುಂಡಿಗೂ ಯಂತ್ರಕ್ಕೂ ಏನೆನ್ನುತ್ತಾರೆಂದು ಕೇಳಿ ತಿಳಿಸಿದರೆ ಉಪಕಾರವಾಗುತ್ತದೆ. ‘ಬಿಗಿ’ಯನ್ನು ಒತ್ತಡದ ಅರ್ಥದಲ್ಲಿ ಅಂಕಿಯೊಡನೆ ಯಾರಾದರೂ ಆಡುವುದನ್ನು ಕೇಳಿದ್ದರೆ ಅದನ್ನು ಮುಖ್ಯವಾಗಿ ಬರೆಯಬೇಕೆಂದು ಕೋರುತ್ತೇನೆ, ಕರಪತ್ರ ಅಚ್ಚಿಗೆ ಹೋಗುವ ಮುನ್ನ ಆ ಒಂದು ಪದವನ್ನಾದರೂ ತೀರ್ಮಾನಿಸಿಕೊಳ್ಳಬೇಕಾಗಿದೆ.