ಸಹಾಯ ಬೇಕು: ಇಎಆರ್‌ಸಿ ಆನ್ ಇದ್ದರೂ ಟ್ರೂಎಚ್‌ಡಿ ಸ್ಟೀರಿಯೋಗೆ ಇಳೀತದ (ಹುಬ್ಬಳ್ಳಿ)

ನಮಸ್ಕಾರ್ರೀ. ವಿದ್ಯಾನಗರದಾಗ 12x14 ಅಡಿ ಕೋಣೆ, 5.1.2 ಸೆಟ್ಟು: ಸುತ್ತ ಐದು ಸ್ಪೀಕರ್, ಒಂದು ಸಬ್‌ವೂಫರ್, ಮ್ಯಾಲೆ ಎರಡು. ಮೀಡಿಯಾ ಪ್ಲೇಯರ್ ಟಿವಿಗೆ, ಟಿವಿಯಿಂದ ಇಎಆರ್‌ಸಿ ಪೋರ್ಟಿನ (ಎಚ್‌ಡಿಎಂಐ ಕೇಬಲ್‌ದಾಗ ಸದ್ದು ವಾಪಸ್ ಕಳಿಸೋ ಪೋರ್ಟು) ಮೂಲಕ ರಿಸೀವರ್‌ಗೆ (ಸ್ಪೀಕರ್ ನಡೆಸೋ ಆಂಪ್ಲಿಫೈಯರ್). ಓಟಿಟಿ ಆ್ಯಪ್ ಹಚ್ಚಿದ್ರ ರಿಸೀವರ್ ಡಿಸ್‌ಪ್ಲೇದಾಗ ‘ಡಾಲ್ಬಿ ಅಟ್ಮಾಸ್’ (ಮ್ಯಾಲಿನ ಸ್ಪೀಕರೂ ಬಳಸೋ ಸುತ್ತಲಿನ ಸದ್ದು) ಬರ್ತದ. ಪ್ಲೇಯರ್‌ನಿಂದ ಟ್ರೂಎಚ್‌ಡಿ ಫೈಲ್ ಹಚ್ಚಿದ್ರ ಬರೇ ‘ಪಿಸಿಎಂ 2.0’, ಅಂದ್ರ ಎರಡು ಚಾನೆಲ್ಲಿನ ಸ್ಟೀರಿಯೋ.

ಆ್ಯಪಿನ ಅಟ್ಮಾಸ್ ಬರೋದು ಡಾಲ್ಬಿ ಡಿಜಿಟಲ್ ಪ್ಲಸ್ (ಒತ್ತಿ ಸಣ್ಣ ಮಾಡಿದ ಸದ್ದಿನ ಫಾರ್ಮ್ಯಾಟ್) ಒಳಗ. ಅದಕ್ಕ ಹಳೇ ಎಆರ್‌ಸಿನೂ ಸಾಕು, ಅಂದ್ರ ಅಟ್ಮಾಸ್ ಅಂತ ಬಂದ ಮಾತ್ರಕ್ಕ ಇಎಆರ್‌ಸಿ ನಡದದ ಅನ್ನಾಕ ಬರೂದಿಲ್ಲ. ಟ್ರೂಎಚ್‌ಡಿ ಲಾಸ್‌ಲೆಸ್ (ಸದ್ದಿನಾಗ ಏನೂ ಕಳಕೊಳ್ಳದ ಫಾರ್ಮ್ಯಾಟ್), ಅದಕ್ಕ ಇಎಆರ್‌ಸಿನೇ ಬೇಕು. ಆಪ್ಟಿಕಲ್ ಕೇಬಲ್ ಹಾಕ್ರಿ ಅಂತ ದಯವಿಟ್ಟು ಯಾರೂ ಹೇಳಬ್ಯಾಡ್ರಿ, ಅದರಾಗ ಡಾಲ್ಬಿ ಡಿಜಿಟಲ್ ಪ್ಲಸ್ಸೂ ಹೋಗೂದಿಲ್ಲ.

ಮಾಡಿ ನೋಡಿದ್ದು: ಟಿವಿ ಸೌಂಡ್ ಔಟ್ ‘ಪಾಸ್‌ಥ್ರೂ’, ಟಿವಿ ಮತ್ತು ರಿಸೀವರ್ ಎರಡರಾಗೂ ಇಎಆರ್‌ಸಿ ಆನ್, ಸಿಇಸಿ (ಎಚ್‌ಡಿಎಂಐ ಮೂಲಕ ಒಂದರಿಂದ ಇನ್ನೊಂದನ್ನ ನಡೆಸೋದು) ಆನ್, ಪ್ಲೇಯರ್‌ದಾಗ ಬಿಟ್‌ಸ್ಟ್ರೀಮ್ (ಸದ್ದನ್ನ ಬಿಡಿಸದ ಹಂಗ ಕಳಿಸೋದು), ಕೇಬಲ್ ಬದಲಿ, ಎಲ್ಲಾದರ ಪ್ಲಗ್ ತೆಗೆದು ಮತ್ತ ಹಾಕಿದ್ದು. ಟಿವಿಯ ಆ ಇನ್‌ಪುಟ್ಟು ತನ್ನ ಇಡಿಐಡಿಯೊಳಗ (ತನಗ ಏನೇನು ಬರ್ತದ ಅಂತ ಹೇಳೋ ಪಟ್ಟಿ) ‘ನನಗ ಸ್ಟೀರಿಯೋ ಅಷ್ಟ ಗೊತ್ತು’ ಅಂತ ಪ್ಲೇಯರ್‌ಗೆ ಹೇಳ್ತಿರಬೇಕು ಅನ್ನೋದು ಅನುಮಾನ. ಇದನ್ನ ಬದಲಿಸೋ ಸೆಟ್ಟಿಂಗ್ ಯಾವ ಮೆನುದಾಗ ಇರ್ತದ? ಫೋಟೋ ಹಾಕಿದ್ರ ಭಾಳ ಉಪಕಾರ.

ಇನ್ನೊಂದು ದಾರಿ, ಪ್ಲೇಯರ್ ಸೀದಾ ರಿಸೀವರ್‌ಗೆ ಹಚ್ಚೋದು. ಅದರ ಪೋರ್ಟು 18 ಜಿಬಿಪಿಎಸ್, 24 ಫ್ರೇಮಿನ 4ಕೆ ಸಿನಿಮಾಕ್ಕ ಧಾರಾಳ. ಆದ್ರ ರಿಸೀವರ್ ಡಾಲ್ಬಿ ವಿಷನ್ (ದೃಶ್ಯಕ್ಕ ತಕ್ಕಂಗ ಬೆಳಕು-ಬಣ್ಣ ಹೊಂದಿಸೋ ಎಚ್‌ಡಿಆರ್) ದಾಟಿಸೂದಿಲ್ಲ, ಚಿತ್ರ ಸಾದಾ ಎಚ್‌ಡಿಆರ್10ಕ್ಕ ಇಳೀತದ. 55 ಇಂಚಿನ ಪರದೆ ಮ್ಯಾಲೆ ಫರಕ್ ಕಾಣ್ತದೇನು? ಎರಡೂ ನೋಡಿದವರು ಹೇಳ್ರಿ.

ಹಂಗ, ಗ್ವಾಡಿಯೊಳಗಿನ ಪೈಪಿನಾಗ ಎಳಿಯಾಕ 10 ಮೀಟರ್ ಫೈಬರ್ ಎಚ್‌ಡಿಎಂಐ ಕೊಪ್ಪಿಕರ ರಸ್ತೆ ಕಡೆ ಎಲ್ಲಿ ಸಿಗ್ತದ?