ಚೆಕ್ ಜನಪದ ಕಥೆ ಓದಿ ಹೊಸ ಕಥೆ ಬರೆಯೋದು ಹೇಗೆ?

ಮಳೆಹನಿ: ಒಂದು ತಿಂಗಳಿಂದ ಚೆಕ್ ಜನಪದ ಕಥೆಗಳ ಅನುವಾದ ಓದುತ್ತಿದ್ದೇನೆ. ವೊದ್ನೀಕ್ ತಲೆಯಿಂದ ಇಳಿಯುತ್ತಲೇ ಇಲ್ಲ. ಗಿರಣಿ ಪಕ್ಕದ ಕೊಳದಲ್ಲಿರುವ ಹಸಿರು ಮನುಷ್ಯ, ಕೋಟಿನ ತುದಿಯಿಂದ ಯಾವಾಗಲೂ ನೀರು ತೊಟ್ಟಿಕ್ಕುತ್ತಿರುತ್ತದೆ, ಮುಳುಗಿ ಸತ್ತವರ ಆತ್ಮಗಳನ್ನು ಕುಡಿಕೆಗಳಲ್ಲಿ ಹಾಕಿ ಮುಚ್ಚಿಡುತ್ತಾನೆ. ಆದರೆ ನಾನು ಬರೆಯಲು ಕೂತರೆ ಅದೇ ಕಥೆ ಮತ್ತೆ ಹೇಳಿದ ಹಾಗಾಗುತ್ತದೆ. ಏನು ಮಾಡಲಿ?

ಹಳೆಪೆನ್ನು: ವೊದ್ನೀಕ್‌ನನ್ನು ಬಿಡಿ, ಕುಡಿಕೆ ಹಿಡಿಯಿರಿ. ಅವನ ಮನೆಕೆಲಸಕ್ಕಿದ್ದ ಹುಡುಗಿ ಮುಚ್ಚಳ ತೆಗೆದು ಆತ್ಮಗಳನ್ನು ಬಿಡಿಸುವ ಕಥೆ ಅಲ್ಲೇ ಇದೆ. ಅದು ಮುಗಿಯುವ ಕಡೆ ನೀವು ಶುರು ಮಾಡಿ. ಇಪ್ಪತ್ತು ವರ್ಷ ಕುಡಿಕೆಯಲ್ಲಿದ್ದವನು ಊರಿಗೆ ಬಂದರೆ ಹೆಂಡತಿ ಬಾಗಿಲು ತೆಗೀತಾಳಾ?

ಅಡ್ಡಮಾತು: ಒಪ್ಪಲ್ಲ. ಸುಮ್ನೆ ವಸ್ತು ಎತ್ತಿಕೊಂಡರೆ ಅಲಂಕಾರ ಆಗುತ್ತದೆ, ಕಥೆ ಆಗಲ್ಲ. ಜಗಳ ಎಲ್ಲಿದೆ ನೋಡಿ. 1853ರಲ್ಲಿ ಬಂದ ಚೆಕ್ ಕವಿ ಎರ್ಬೆನ್ನನ ಪದ್ಯ ಓದಿ. ವೊದ್ನೀಕ್‌ನನ್ನು ಮದುವೆಯಾದ ಹುಡುಗಿ ಒಂದೇ ಒಂದು ದಿನಕ್ಕೆ ತವರಿಗೆ ಬರುತ್ತಾಳೆ, ಮಗುವನ್ನು ಒತ್ತೆ ಇಟ್ಟು. ಸಂಜೆಯಾದರೂ ತಾಯಿ ಕಳಿಸಲ್ಲ. ಅವನು ಬಂದು ಬಾಗಿಲು ಬಡಿಯುತ್ತಾನೆ, ಊಟಕ್ಕೆ ಬಡಿಸು, ಹಾಸಿಗೆ ಹಾಸು, ಕೊನೆಗೆ ಮಗು ಅಳುತ್ತಿದೆ ಹಾಲು ಕೊಡು ಅಂತ. ಆಗಲೂ ಬಾಗಿಲು ತೆಗೆಯಲ್ಲ. ಮಗು ಸಾಯುತ್ತದೆ. ತಪ್ಪು ಯಾರದು? ಅವನದು ಮಾತ್ರ ಅಂತ ನನಗೆ ಅನಿಸಲ್ಲ. ಆ ಹುಡುಗಿಯ ತಾಯಿಯ ಕಡೆಯಿಂದ ಬರೆದು ನೋಡಿ, ರಾಕ್ಷಸ ಕಾಣಿಸದೇ ಇದ್ದರೂ ನಡೆಯುತ್ತದೆ.

ಗುಬ್ಬಿಗೂಡು: ನನಗೆ ಇಷ್ಟವಾಗಿದ್ದು ಒತೆಸಾನೆಕ್ ಅನ್ನೋ ಚೆಕ್ ಕಥೆ. ಮಕ್ಕಳಿಲ್ಲದವರು ಮರದ ಬೇರು ತಂದು ಕೆತ್ತಿ ಮಗು ಅಂತ ಸಾಕುತ್ತಾರೆ, ಅದು ಗಂಜಿ, ಹಾಲು, ರೊಟ್ಟಿ ಮುಗಿಸಿ ಅಪ್ಪ ಅಮ್ಮನನ್ನೂ ನುಂಗುತ್ತದೆ. ಕೊನೆಗೆ ಎಲೆಕೋಸಿನ ಹೊಲದ ಅಜ್ಜಿ ಗುದ್ದಲಿಯಿಂದ ಹೊಟ್ಟೆ ಸೀಳುತ್ತಾಳೆ. ಯಾನ್ ಶ್ವಾಂಕ್‌ಮಾಯೆರ್ 2000ದಲ್ಲಿ ಇದನ್ನೇ ಇವತ್ತಿನ ಅಪಾರ್ಟ್‌ಮೆಂಟಿಗೆ ತಂದು ಸಿನಿಮಾ ಮಾಡಿದರು. ಕಥೆ ಹಳೆಯದೇ, ಆದರೆ ಅಕ್ಕಪಕ್ಕದ ಮನೆಯವರು ಬಂದರಲ್ಲ, ಅಲ್ಲೇ ಹೊಸದಾಯಿತು. (ಊಟದ ಹೊತ್ತಲ್ಲಿ ನೋಡಬೇಡಿ.)

ಮಳೆಹನಿ: ಅಡ್ಡಮಾತು, ಆ ತಾಯಿ ಸಿಕ್ಕಳು! ರಾತ್ರಿಯೇ ಎರಡು ಪುಟ ಬರೆದೆ. ವೊದ್ನೀಕ್ ಇನ್ನೂ ಬಾಗಿಲಾಚೆ ಇದ್ದಾನೆ, ಹೊಸ್ತಿಲ ಕೆಳಗಿಂದ ನೀರು ಒಳಗೆ ಬರುತ್ತಿದೆ, ಅವಳು ಬಟ್ಟೆ ತಂದು ಒರೆಸುತ್ತಾ ಕೂತಿದ್ದಾಳೆ.

ಹಳೆಪೆನ್ನು: ಕುಡಿಕೆ ಬಿಟ್ಟುಬಿಟ್ಟಿರಾ? ಸರಿ, ಹಾಗಾದರೆ ಅದನ್ನ ನಾನೇ ಬರೀತೀನಿ.