ಪದಚರ್ಚೆ: ‘ಡೈನಮಿಕಲ್ ಮಾಸ್ ಜನರೇಶನ್’ಗೆ ‘ಚಲನಾತ್ಮಕ’ ಹೊಂದುತ್ತದೆಯೇ?

ಮಾನ್ಯರೇ,
ಪ್ರೋಟಾನಿನೊಳಗಿನ ಮೂಲಕಣಗಳಾದ ಕ್ವಾರ್ಕ್‌ಗಳ ಕುರಿತ ಬರಹವೊಂದರಲ್ಲಿ ‘ಡೈನಮಿಕಲ್ ಮಾಸ್ ಜನರೇಶನ್’ ಎಂಬುದಕ್ಕೆ ‘ಚಲನಾತ್ಮಕ ದ್ರವ್ಯರಾಶಿ ಉತ್ಪಾದನೆ’ ಎಂದು ಹಾಕಲಾಗಿದೆ. ಓದಿದವರು ‘ವೇಗ ಹೆಚ್ಚಿದಂತೆ ದ್ರವ್ಯರಾಶಿ ಹೆಚ್ಚುತ್ತದೆ ಅಂತಾರಲ್ಲ, ಅದೇನಾ ಇದು?’ ಎನ್ನುತ್ತಿದ್ದಾರೆ. ಇದಕ್ಕಿಂತ ಒಳ್ಳೆಯ ಪದವಿದೆಯೇ? ‘ಜನರೇಶನ್’ ಒಂದೆಡೆ ‘ಪೀಳಿಗೆ’ಯೂ ಆಗಿದೆ.

ಉತ್ತರ 1
ಓದುಗರು ಎಡವಿದ್ದು ಪದದಿಂದಲೇ. ‘ಚಲನ’ ಎಂದೊಡನೆ ವೇಗ ನೆನಪಾಗುತ್ತದೆ. ಇಲ್ಲಿರುವುದಾದರೋ ಪ್ರೋಟಾನ್ ನಿಂತಲ್ಲೇ ನಿಂತಿದ್ದರೂ ಅದಕ್ಕಿರುವ ದ್ರವ್ಯರಾಶಿಯ ಮಾತು. ಸಮೀಕರಣದಲ್ಲಿ ದ್ರವ್ಯರಾಶಿಯನ್ನು ನಾವು ಮೊದಲೇ ಬರೆದಿಡದೆ, ಕಣಗಳ ಅಂತರಕ್ರಿಯೆಯಿಂದಲೇ ಅದು ಹುಟ್ಟಿದರೆ ‘ಡೈನಮಿಕಲ್’. ಇದರ ವಿರುದ್ಧಪದ ‘ನಿಶ್ಚಲ’ ಅಲ್ಲ, ‘ಮೊದಲೇ ಕೊಟ್ಟದ್ದು’.

ಲೆಕ್ಕ ನೋಡಿ. ಪ್ರೋಟಾನಿನ ದ್ರವ್ಯರಾಶಿ 938 ಎಂಇವಿ (ಕಣಗಳ ದ್ರವ್ಯರಾಶಿ ಹೇಳಲು ಬಳಸುವ ಏಕಮಾನ). ಅದರೊಳಗಿನ ಎರಡು ಅಪ್ ಕ್ವಾರ್ಕ್‌ಗಳಿಗೆ ತಲಾ ಸುಮಾರು 2.2, ಒಂದು ಡೌನ್‌ಗೆ 4.7, ಒಟ್ಟು 9ರ ಆಸುಪಾಸು, ಅಂದರೆ ನೂರಕ್ಕೆ ಒಂದು ಪಾಲು. ಆದರೆ ನಿರ್ವಾತದಲ್ಲಿ ಕ್ವಾರ್ಕ್–ಪ್ರತಿಕ್ವಾರ್ಕ್ ಜೋಡಿಗಳು ಹೆಪ್ಪುಗಟ್ಟಿ ಎಡಗೈ–ಬಲಗೈ ಸಮ್ಮಿತಿ (ಎಡಗೈ, ಬಲಗೈ ಬಗೆಯ ಕ್ವಾರ್ಕ್‌ಗಳು ಒಂದರೊಡನೊಂದು ಬೆರೆಯದಿರುವ ನಿಯಮ) ಮುರಿಯುವುದರಿಂದ, ಆ ಹೆಪ್ಪಿನೊಳಗೆ ಸಾಗುವ ಕ್ವಾರ್ಕ್ 300ರಿಂದ 350 ಎಂಇವಿ ಇದ್ದಂತೆ ವರ್ತಿಸುತ್ತದೆ. ಅಂಥ ಮೂರು ಸೇರಿದರೆ ಪ್ರೋಟಾನಿನ ಹತ್ತಿರ ಬಂದೆವು. ತಡೆಯಿಲ್ಲದೆ ವಿದ್ಯುತ್ ಹರಿಸುವ ಅತಿವಾಹಕದ ಎಲೆಕ್ಟ್ರಾನ್ ಜೋಡಿಗಳನ್ನು ಮಾದರಿಯಾಗಿಟ್ಟುಕೊಂಡು, ದ್ರವ್ಯರಾಶಿ ಹೀಗೆ ಹುಟ್ಟಬಲ್ಲದೆಂದು 1961ರಲ್ಲಿ ಭೌತವಿಜ್ಞಾನಿಗಳಾದ ನಂಬು ಮತ್ತು ಯೋನಾ-ಲಸೀನಿಯೋ ತೋರಿಸಿದರು. ಅವರ ಮಾದರಿಯಲ್ಲಿ ಅಂತರಕ್ರಿಯೆ ಒಂದು ಮಿತಿಯನ್ನು ದಾಟಲೇಬೇಕು. ದಾಟದಿದ್ದರೆ ದ್ರವ್ಯರಾಶಿ ಸೊನ್ನೆಯೇ.

ಕೆಲವರು ಬಳಸುವ ‘ದ್ರವ್ಯರಾಶಿ ತಿದ್ದುಪಡಿ’ಯೂ ಇಲ್ಲಿ ಸಲ್ಲದು. ಹಂತ ಹಂತವಾಗಿ ತಿದ್ದುತ್ತ ಹೋಗುವ ಲೆಕ್ಕದಲ್ಲಿ ಪ್ರತಿ ತಿದ್ದುಪಡಿಯೂ ಮೂಲ ದ್ರವ್ಯರಾಶಿಯಿಂದಲೇ ಗುಣಿಸಿ ಬರುತ್ತದೆ. ಮೂಲ ಸೊನ್ನೆಯಾದರೆ ಎಷ್ಟು ಹಂತ ಹೋದರೂ ಸೊನ್ನೆ.

‘ಉತ್ಪಾದನೆ’ ಎಂದರೆ ಹಾಲು, ವಿದ್ಯುತ್ತು, ಮಾಡುವವನೊಬ್ಬ ಬೇಕು. ತಾನಾಗಿ ಆಗುವುದಕ್ಕೆ ‘ಉತ್ಪತ್ತಿ’ ಇದೆ. ‘ಪೀಳಿಗೆ’ಯನ್ನು ಅಪ್–ಡೌನ್, ಚಾರ್ಮ್–ಸ್ಟ್ರೇಂಜ್, ಟಾಪ್–ಬಾಟಮ್ ಎಂಬ ಮೂರು ಗುಂಪುಗಳಿಗೆ ಮೀಸಲಿಡಿ. ನನ್ನ ಸಲಹೆ: ‘ಅಂತರಕ್ರಿಯಾಜನ್ಯ ದ್ರವ್ಯರಾಶಿ’.

ಉತ್ತರ 2
ಮೇಲಿನವರ ವಿವರಣೆ ಸರಿ, ಪದಕ್ಕೆ ಮಾತ್ರ ನನ್ನ ತಕರಾರು. ಎಲ್ಲೆಡೆ ಹರಡಿಕೊಂಡು ಮೂಲಕಣಗಳಿಗೆ ದ್ರವ್ಯರಾಶಿ ಕೊಡುವ ಹಿಗ್ಸ್ ಕ್ಷೇತ್ರದಿಂದ ಕ್ವಾರ್ಕಿಗೆ ಬರುವ ಆ 2.2 ಎಂಇವಿ ಕೂಡ ಅಂತರಕ್ರಿಯೆಯಿಂದಲೇ ಬಂದದ್ದು! ಯಾವುದನ್ನು ಬೇರ್ಪಡಿಸಬೇಕಿತ್ತೋ ಅದೇ ಒಳಗೆ ಸೇರಿಬಿಡುತ್ತದೆ. ಆದ್ದರಿಂದ ‘ಪ್ರಬಲಕ್ರಿಯಾಜನ್ಯ’ ಎನ್ನೋಣ. ಜೊತೆಗೆ ‘ಹಿಗ್ಸ್‌ಜನ್ಯ’ ಇಟ್ಟರೆ ಎರಡೂ ಜೋಡಿಪದಗಳಾಗಿ ಸಲೀಸಾಗಿ ನಡೆಯುತ್ತವೆ. ಕ್ವಾರ್ಕ್‌ಗಳನ್ನು ಹಿಡಿದಿಡುವ ‘ಪ್ರಬಲ ಬಲ’ ಶಾಲಾ ಪುಸ್ತಕ ಓದಿದವರಿಗೆ ಪರಿಚಿತವಾದ್ದರಿಂದ ಹೊಸದಾಗಿ ಕಲಿಸುವುದೂ ಇಲ್ಲ. ಬಳಸಿ ನೋಡಿ: ‘ಎಲೆಕ್ಟ್ರಾನಿನ ದ್ರವ್ಯರಾಶಿ ಹಿಗ್ಸ್‌ಜನ್ಯ, ಪ್ರೋಟಾನಿನದು ಬಹುಪಾಲು ಪ್ರಬಲಕ್ರಿಯಾಜನ್ಯ.’